ಇಬ್ಬರು ಚಕ್ರವರ್ತಿಗಳ ತಲೆ

ನಾನು ಒಂದು ಅಮೃತಶಿಲೆಯ ತಲೆ. ಕುತ್ತಿಗೆಯಿಂದ ಕೆಳಗೆ ನನಗೆ ಏನೂ ಇಲ್ಲ. ರೋಮ್ ಸಾಮ್ರಾಜ್ಯದ ಪೂರ್ವದಲ್ಲಿ, ಇವತ್ತು ಟರ್ಕಿ ಎಂದು ಕರೆಯುವ ನಾಡಿನ ಒಂದು ಗುಡ್ಡದಿಂದ ನನ್ನನ್ನು ಕಡಿದು ತೆಗೆದರು. ಎತ್ತಿನ ಗಾಡಿಯಲ್ಲಿ ಕೆಳಗಿನ ಪಟ್ಟಣಕ್ಕೆ ತಂದು ಶಿಲ್ಪಿ ಟ್ರೋಫಿಮಸ್‌ನ ಅಂಗಳದಲ್ಲಿ ಇಳಿಸಿದರು. ಉಳಿ ಬಿದ್ದಾಗ ನೋಯಿತೇ ಎಂದು ಕೇಳಬೇಡಿ. ನಡೆದದ್ದನ್ನು ಮಾತ್ರ ನಾನು ಹೇಳಬಲ್ಲೆ.

ರಾಜಧಾನಿಯಿಂದ ಚಕ್ರವರ್ತಿಯ ಮುಖದ ಗಾರೆಯ ಅಚ್ಚೊಂದು ಬಂದಿತ್ತು. ಅದನ್ನು ನೋಡಿ ಟ್ರೋಫಿಮಸ್ ನನಗೆ ಅಗಲವಾದ ದವಡೆ, ಗುಂಗುರು ಗಡ್ಡ, ಗಂಟಿಕ್ಕಿದ ಹುಬ್ಬು ಕೊಟ್ಟ. ನಾನು ಚಕ್ರವರ್ತಿಯಾದೆ. ನಿಜವಾದ ಚಕ್ರವರ್ತಿಯನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ನನ್ನನ್ನು ಚೌಕದ ಕಂಬಸಾಲಿನಲ್ಲಿ ಪೀಠದ ಮೇಲೆ ಕೂರಿಸಿ, ಮುಂದೆ ಕೆಂಡದ ಬಟ್ಟಲು ಇಟ್ಟರು. ವರ್ಷಕ್ಕೊಮ್ಮೆ ಊರವರೆಲ್ಲ ಸಾಲಾಗಿ ಬಂದು, ಚಿಟಿಕೆ ಧೂಪ ಹಾಕಿ, ಚಕ್ರವರ್ತಿಗೆ ನಿಷ್ಠರಾಗಿರುತ್ತೇವೆ ಎಂದು ಹೇಳಬೇಕಾಗಿತ್ತು.

ಮೊದಲ ವರ್ಷ ಟ್ರೋಫಿಮಸ್‌ನ ತಂಗಿ ಅಮ್ಮಿಯಾ ಧೂಪ ಹಾಕಲಿಲ್ಲ. ಅಣ್ಣ ಕೆತ್ತಿದ ಕಲ್ಲುಗಳಿಗೆ ಹೊಳಪು ಕೊಡುವುದು ಅವಳ ಕೆಲಸ. ನನ್ನ ಕೆನ್ನೆಯನ್ನು ಉಜ್ಜಿದವಳೂ ಅವಳೇ. ಅವಳ ಗಂಡನನ್ನು ಉತ್ತರದ ಯುದ್ಧಕ್ಕೆಂದು ಸೈನ್ಯ ಎಳೆದುಕೊಂಡು ಹೋಗಿತ್ತು.

"ಹಾಕಮ್ಮ," ಎಂದ ಅಧಿಕಾರಿ ವಿಬಿಯಸ್.

"ನನ್ನ ಗಂಡನ್ನ ವಾಪಸ್ ಕಳಿಸ್ಲಿ. ಆಮೇಲೆ ಹಾಕ್ತೀನಿ."

"ಅವನು ಸತ್ತಿದಾನೆ ಅಂತ ನಿಂಗೆ ಗೊತ್ತಲ್ಲ."

"ಗೊತ್ತು."

ಟ್ರೋಫಿಮಸ್ ಅವಳ ಮುಂಗೈ ಹಿಡಿದುಕೊಂಡ. "ಒಂದು ಚಿಟಿಕೆ ಅಷ್ಟೇ ಕಣೆ. ಇದು ಬರೀ ಕಲ್ಲು. ನಾನೇ ಮಾಡಿದ್ದು."

"ಬರೀ ಕಲ್ಲು ಅಂತ ಅವ್ರಿಗೆ ಹೇಳು," ಎಂದಳು ಅಮ್ಮಿಯಾ.

ಅವನು ಹೇಳಲಿಲ್ಲ. ಅವಳಿಗೆ ಸಾಯುವವರೆಗೂ ಉಪ್ಪು ಕಡಿಯುವ ಶಿಕ್ಷೆ ಕೊಟ್ಟು ಒಳನಾಡಿನ ಉಪ್ಪಿನ ಕೆರೆಗೆ ಕಳಿಸಿದರು. ಗಾಡಿ ಚೌಕ ದಾಟಿ ಹೋಯಿತು. ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದರು.

ಕೆಲವು ವರ್ಷಗಳ ನಂತರ ಆ ಚಕ್ರವರ್ತಿಯನ್ನು ಅವನ ಕಾವಲಿನವರೇ ಕೊಂದರು. ಅವನ ಹೆಸರನ್ನು ಶಾಸನಗಳಿಂದ ಕೆರೆಯಬೇಕು, ಮುಖ ಎಲ್ಲಿಯೂ ಉಳಿಯಬಾರದು ಎಂದು ಆಜ್ಞೆ ಬಂತು. ಒಳ್ಳೆಯ ಕಲ್ಲು, ಒಡೆಯುವುದು ಬೇಡ, ಹೊಸ ಚಕ್ರವರ್ತಿಯ ಮುಖ ಇದರಲ್ಲೇ ಕೆತ್ತು ಎಂದರು ಊರ ಹಿರಿಯರು. ನಾನು ಮತ್ತೆ ಟ್ರೋಫಿಮಸ್‌ನ ಅಂಗಳಕ್ಕೆ ಬಂದೆ. ಗಡ್ಡ ಹೋಯಿತು, ದವಡೆ ಸಣ್ಣದಾಯಿತು. ಕೆಲಸ ನೋಡಲು ವಿಬಿಯಸ್ ಬಂದ.

"ಇವನ ಹೆಸರೇ ಅಳಿಸಿಬಿಟ್ರಲ್ಲ," ಎಂದ ಟ್ರೋಫಿಮಸ್. "ಹಂಗಾದ್ರೆ ನನ್ನ ತಂಗಿ ಶಿಕ್ಷೆ?"

"ಅದು ಸಾಮ್ರಾಜ್ಯ ಕೊಟ್ಟಿದ್ದು. ಅವನಲ್ಲ."

"ಅವಳು ಧೂಪ ಹಾಕದೆ ಇದ್ದದ್ದು ಇವನಿಗೆ ತಾನೆ?"

ವಿಬಿಯಸ್ ನನ್ನನ್ನು ಒಂದು ಸುತ್ತು ಬಂದು ನೋಡಿದ. "ಮೂಗು ಇನ್ನೂ ಸ್ವಲ್ಪ ತೆಳ್ಳಗಾಗ್ಬೇಕು," ಎಂದ.

ಟ್ರೋಫಿಮಸ್ ಮೂಗು ತೆಳ್ಳಗೆ ಮಾಡಿದ. ಬಿದ್ದ ಪುಡಿಯನ್ನು ಗುಡಿಸಿ ಬೀದಿಗೆ ಚೆಲ್ಲಿದ. ಧೂಪದ ದಿನ ಅವನೂ ಸಾಲಿನಲ್ಲಿ ಬಂದ, ಚಿಟಿಕೆ ಹಾಕಿದ, ಎಲ್ಲರೂ ಹೇಳುವ ಮಾತನ್ನು ಎಲ್ಲರ ಧ್ವನಿಯಲ್ಲೇ ಹೇಳಿದ. ಹಾಗೆ ಎಷ್ಟೋ ವರ್ಷ ಹೇಳಿದ.

ಎರಡನೆಯವನೂ ಸತ್ತ. ಮೂರನೆಯವನು ಪಟ್ಟವೇರಿದ ಖುಷಿಗೆ ಹಳೆಯ ಕೈದಿಗಳನ್ನು ಬಿಟ್ಟ. ಅಮ್ಮಿಯಾ ವಾಪಸ್ಸು ಬಂದಳು. ಉಪ್ಪಿನ ಬಿಳಿ ಝಳಕ್ಕೆ ಕಣ್ಣು ಹೋಗಿತ್ತು. ಟ್ರೋಫಿಮಸ್ ಕೈಹಿಡಿದು ಅವಳನ್ನು ಚೌಕಕ್ಕೆ ಕರೆತಂದ. ಅವಳು ಬಿರುಕು ಬಿಟ್ಟ ಬೆರಳುಗಳಿಂದ ನನ್ನ ಮುಖ ಸವರಿದಳು.

"ಇವನು ಅವನಲ್ಲ."

"ಅಲ್ಲ. ಅವನನ್ನ ಕೆತ್ತಿ ಇವನನ್ನ ಮಾಡ್ದೆ."

"ಇವನೂ ಹೋದ್ನಂತಲ್ಲ. ಮತ್ತೆ ಕೆತ್ತಬೇಕಾ?"

"ಕೆತ್ತು ಅಂದ್ರು. ಇನ್ನು ಕಲ್ಲು ಸಾಲಲ್ಲ ಅಂತ ಹೇಳ್ಬಿಟ್ಟೆ."

ಇನ್ನೊಂದು ಮುಖಕ್ಕೆ ಆಗುವಷ್ಟು ಕಲ್ಲು ನನ್ನಲ್ಲಿ ಇತ್ತು. ಅಮ್ಮಿಯಾಳ ಹೆಬ್ಬೆರಳು ನನ್ನ ಕೆನ್ನೆಯ ದಪ್ಪವನ್ನು ಅಳೆಯಿತು. ಅವಳಿಗೂ ಗೊತ್ತಾಯಿತು. ಪೀಠದ ನೆರಳಿನಲ್ಲಿ ಕುಳಿತು, ಅಣ್ಣ ಕೊಟ್ಟ ರೊಟ್ಟಿ ತಿಂದಳು.

ನನ್ನನ್ನು ಉಗ್ರಾಣಕ್ಕೆ ಹಾಕಿದರು. ಮುಂದೆ ಭೂಕಂಪವಾಯಿತು, ಸಾಮ್ರಾಜ್ಯ ಹೋಯಿತು, ಮೇಲೆ ಗೋಧಿ ಬೆಳೆದರು. ಒಮ್ಮೆ ನೇಗಿಲಿಗೆ ಸಿಕ್ಕಿದೆ. ಈಗ ಒಂದು ವಸ್ತುಸಂಗ್ರಹಾಲಯದ ಮೂಲೆಯಲ್ಲಿದ್ದೇನೆ. ನಾನು ಯಾವ ಚಕ್ರವರ್ತಿ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂದವರು ಇಬ್ಬರ ಹೆಸರನ್ನೂ ಕೇಳಿಸಿಕೊಂಡು ಮುಂದಿನ ಕೋಣೆಗೆ ಹೋಗುತ್ತಾರೆ. ಸಂಜೆ ದೀಪ ಆರಿಸುತ್ತಾರೆ. ಕತ್ತಲಲ್ಲಿ ನಾನು ಯಾರ ಮುಖವೂ ಅಲ್ಲ.