ನನ್ನ ಮನೇಲಿ ಬೇಡ

ಚರ್ಚಿನ ನೆಲಮಾಳಿಗೆಯ ಶೌಚಾಲಯಕ್ಕೆ ಬೀಗ ಜಡಿದು ಮಾರ್ಲೀನ್ ಕೀಲಿಯನ್ನು ಕೋಟಿನ ಜೇಬಿಗೆ ತುರುಕುತ್ತಿರುವಾಗಲೇ ತಮ್ಮ ವೆಂಡೆಲ್‌ನ ಸ್ನೇಹಿತರು ಮೆಟ್ಟಿಲಿಳಿದು ಬಂದರು. ವೆಂಡೆಲ್‌ನನ್ನು ಮಣ್ಣು ಮಾಡಿ ಅರ್ಧ ಗಂಟೆಯಾಗಿತ್ತು. ಕೆನಡಾದ ಹ್ಯಾಮಿಲ್ಟನ್ನಿನ ಚಳಿಗೆ ಎಲ್ಲರ ಮೂಗೂ ಕೆಂಪಾಗಿತ್ತು.

"ಬೀಗ ಯಾಕಕ್ಕಾ?" ಎಂದಳು ರೋಂಡಾ. ಹತ್ತು ವರ್ಷ ವೆಂಡೆಲ್ ಜೊತೆ ಬೀದಿ ಬೀದಿ ಅಲೆದು, ರೋಗ ಹರಡದಿರಲೆಂದು ನಶೆ ಮಾಡುವವರಿಗೆ ಹೊಸ ಸೂಜಿ ಹಂಚಿದವಳು.

"ಕೆಟ್ಟಿದೆ."

"ಕೆಟ್ಟಿರೋರು ನಾವು ಅನ್ನು. ನಮಗೂ ಉಚ್ಚೆ ಬರುತ್ತೆ ಕಣಕ್ಕಾ."

ಹಿಂದೆ ಯಾರೋ ಕಿಸಕ್ಕೆಂದರು. ಮಾರ್ಲೀನ್‌ಗೆ ಮೈಯೆಲ್ಲ ಉರಿಯಿತು. ಇವರಿಂದಲೇ ತಮ್ಮ ಹಾಳಾದ ಎಂದು ನಂಬಿಕೊಂಡು ಬಂದವಳು ಅವಳು; ಒಳಗೆ ಹೋಗಿ ಸೂಜಿ ಚುಚ್ಚಿಕೊಂಡಾರೆಂದೇ ಬೀಗ ಹಾಕಿದ್ದಳು. ಆದರೂ ಕೀಲಿ ಕೊಟ್ಟಳು. ಇವತ್ತೊಂದು ದಿನ ಜಗಳ ಯಾರಿಗೆ ಬೇಕು.

* * *

ಬಾಡಿಗೆ ಕೋಣೆ ಕೈತಪ್ಪಿದ್ದರಿಂದ ಹೋದ ತಿಂಗಳು ವೆಂಡೆಲ್ ಅಕ್ಕನ ಮನೆಗೆ ಬಂದಿದ್ದ. ಬಂದವನೇ ಮೂಗಿಗೆ ಹೊಡೆಯುವ ಔಷಧಿಯ ಡಬ್ಬಿಯೊಂದನ್ನು ಫ್ರಿಜ್ಜಿನ ಮೇಲಿಟ್ಟ.

"ನಶೆ ಜಾಸ್ತಿಯಾಗಿ ನಾನು ನೀಲಿಗೆ ತಿರುಗಿದ್ರೆ ಇದನ್ನ ಹೊಡಿ. ಹೋಗಿರೋ ಜೀವ ವಾಪಸ್ ಬರುತ್ತೆ."

"ಅದನ್ನ ಇಟ್ಕೊಂಡ್ರೆ ನಶೆ ತಗೋಳಪ್ಪಾ ಅಂತ ನಾನೇ ಹೇಳಿದ ಹಾಗೆ. ನಶೇನೂ ಬೇಡ, ಅದರ ಔಷಧೀನೂ ಬೇಡ. ನನ್ನ ಮನೇಲಿ ಬೇಡ."

ಡಬ್ಬಿ ಕಸಕ್ಕೆ ಹೋಯಿತು. ಒಬ್ಬರೇ ಇರುವಾಗ ತಗೋಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು, ಅಕ್ಕನ ಮಾತು ಮೀರಬಾರದೆಂದು ಮನೆಯೊಳಗೆ ತಗೊಳ್ಳದೆ ಒಂದು ರಾತ್ರಿ ಒಬ್ಬನೇ ಗ್ಯಾರೇಜಿಗೆ ಹೋಗಿ ಬಾಗಿಲೆಳೆದುಕೊಂಡ. ಹಿಮ ಎತ್ತುವ ಸಲಿಕೆಗೆಂದು ಬೆಳಿಗ್ಗೆ ಮಾರ್ಲೀನ್ ಅಲ್ಲಿಗೆ ಹೋದಾಗ ಅವನ ಮೈ ತಣ್ಣಗಾಗಿತ್ತು.

* * *

ರೋಂಡಾ ಕೀಲಿ ತಂದುಕೊಟ್ಟು ಪಕ್ಕದಲ್ಲೇ ಕೂತಳು. "ನನ್ನನ್ನ ಎರಡು ಸಲ ಬದುಕಿಸಿದಾನೆ ನಿನ್ನ ತಮ್ಮ. ಅಗೋ, ಆ ಗಡ್ಡದವನನ್ನ ನಾಲ್ಕು ಸಲ. ನಶೆ ಇಳಿಸಿಬಿಟ್ಟೆ ಅಂತ ಎದ್ದು ವೆಂಡೆಲ್‌ನನ್ನೇ ಬೈದಿದ್ದ ಬಡ್ಡಿಮಗ."

ಮಾರ್ಲೀನ್ ಸ್ಯಾಂಡ್‌ವಿಚ್ ತಟ್ಟೆ ಕೆಳಗಿಟ್ಟಳು. "ಆ ಔಷಧಿ ಡಬ್ಬಿ ನಾನು ಕಸಕ್ಕೆ ಹಾಕದೇ ಇದ್ದಿದ್ರೆ? ನಾನು ಒಂದ್ಸಲ ಹೋಗಿ ನೋಡಿದ್ರೆ?"

ಬೆಳಗಿನಿಂದ ಚರ್ಚಿನವರೆಲ್ಲ ನಿನ್ನ ತಪ್ಪೇನಿಲ್ಲ, ದೇವರಿಚ್ಛೆ ಎನ್ನುತ್ತಿದ್ದರು. ರೋಂಡಾ ಹಾಗನ್ನಲಿಲ್ಲ.

"ಬದುಕ್ತಿದ್ದ ಅನ್ಸುತ್ತೆ ಅಕ್ಕಾ. ನಿನಗೆ ಸುಳ್ಳು ಹೇಳಲಾರೆ."

ಮಾರ್ಲೀನ್ ಅತ್ತಳು, ಸಮಾಧಿಯ ಹತ್ತಿರ ಬಾರದ ಅಳು ಈಗ ಬಂತು. ಬಹಳ ಹೊತ್ತಿನ ಮೇಲೆ ಮಾರ್ಲೀನ್ ಮೂಗೊರೆಸಿಕೊಂಡು, "ಬದುಕಿಸೋದು ಹೇಗೆ ಹೇಳಿಕೊಡು," ಎಂದಳು.

"ಈಗಲಾ?"

"ಈಗಲೇ."

ರೋಂಡಾ ಕುರ್ಚಿ ಸರಿಸಿ, ಎರವಲು ತಂದಿದ್ದ ಕರಿ ಉಡುಪಿನಲ್ಲೇ ನೆಲದ ಮೇಲೆ ಅಂಗಾತ ಮಲಗಿದಳು. "ನನಗೆ ಪ್ರಜ್ಞೆ ಇಲ್ಲ ಅಂದ್ಕೋ. ಮೊದಲು ಗದ್ದ ಎತ್ತು. ಉಸಿರಿದೆಯಾ ನೋಡು."

ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಮಾರ್ಲೀನ್ ಮಂಡಿಯೂರಿ, ಗದ್ದ ಎತ್ತಿ, ತನ್ನ ಕೆನ್ನೆಯನ್ನು ರೋಂಡಾಳ ಮೂಗಿನ ಹತ್ತಿರ ತಂದಳು. ಕಾಫಿ, ಸಿಗರೇಟು ನಾರುವ ಬಿಸಿ ಉಸಿರು ಕೆನ್ನೆಗೆ ತಾಗಿತು.

"ಇದೆ ಅಲ್ವಾ? ಸಾಕು, ಮುಖ ಎತ್ತಕ್ಕಾ."

ಮಾರ್ಲೀನ್ ಎತ್ತಲಿಲ್ಲ.