ನಡುಗಡ್ಡೆಗೆ ಹೊರಟ ಸುವರ್ಣಾ

ಜಮಖಂಡಿ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಸುವರ್ಣಾಳಿಗೆ ರಜೆ ಸಿಗುತ್ತಿರಲಿಲ್ಲವೆಂದಲ್ಲ. ಸಿಕ್ಕ ರಜೆಯೆಲ್ಲ ತೇರದಾಳದ ನಾದಿನಿಯ ಮನೆಯಲ್ಲಿ ರೊಟ್ಟಿ ಬಡಿಯುವುದರಲ್ಲೇ ಕಳೆದುಹೋಗುತ್ತಿತ್ತು. ಮದುವೆಯೋ, ಕುಬಸವೋ, ಜವಳವೋ, ಏನಾದರೊಂದು ಇದ್ದೇ ಇರುತ್ತಿತ್ತು. ಲೋಕಾಪುರದ ಬಸ್ಸಿನಲ್ಲಿ ನಿಂತು ನಿಂತು ಬಾತ ಕಾಲು ಅಲ್ಲಿ ಒಲೆಯ ಮುಂದೆ ಜೋಮು ಹಿಡಿಯುತ್ತಿತ್ತು.

ಕಾರವಾರದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ಹಳೆಯ ಗೆಳತಿ ಮಾಯಾ ಫೋನು ಮಾಡಿದ್ದು ಅಂಥದೇ ಒಂದು ರಜೆ ಮುಗಿಸಿ ಬಂದ ಸಂಜೆ. ಮಾಯಾ ಅಲ್ಲಿ ಹಾಯಿದೋಣಿ ನಡೆಸುವವರ ಬಳಗವೊಂದನ್ನು ಸೇರಿದ್ದಳು. ಡಾಕ್ಟರರು, ಮೀನುಗಾರರ ಮನೆಯವರು, ನಿವೃತ್ತರು ಎಲ್ಲ ಕೂಡಿ ವರ್ಷಕ್ಕೊಮ್ಮೆ ಲಕ್ಷದ್ವೀಪದ ಸಣ್ಣದೊಂದು ನಡುಗಡ್ಡೆಗೆ ಹೋಗಿ, ಅಲ್ಲಿಯ ರಿಸಾರ್ಟಿನಲ್ಲಿ ಉಳಿದು, ತಿಳಿನೀರಿನಲ್ಲಿ ದೋಣಿ ಬಿಡುತ್ತಿದ್ದರು.

"ಈ ಸಲ ನೀನೂ ಬಾ ಲೇ," ಎಂದಳು ಮಾಯಾ. "ತೆಂಗಿನ ಗಿಡದ ನೆಳ್ಳಾಗ ಬೀಳೂದು, ಮನಸ ಬಂದ್ರ ದೋಣಿ ಹತ್ತೂದು. ಯಾರೂ ಏನೂ ಕೇಳಂಗಿಲ್ಲ. ಒಂದ ಮಾತು, ದೋಣಿ ಹತ್ತಾವ್ರಿಗೆ ಈಜ ಬರಬೇಕು."

"ನನಗ ಬರಂಗಿಲ್ಲಲ್ಲ."

"ಕಲಿ. ಇನ್ನೂ ಟೈಮ್ ಐತಿ."

ಊಟದ ಹೊತ್ತಿಗೆ ಸುವರ್ಣಾ ವಿಷಯ ತೆಗೆದಳು. ಗಂಡ ಲಗಮಪ್ಪ ಹೈಸ್ಕೂಲ್ ಮಾಸ್ತರ. ಅವನು ತಟ್ಟೆಯಿಂದ ತಲೆ ಎತ್ತದೆ, "ಸಮುದ್ರ ನೋಡೂದಿದ್ರ ಗೋಕರ್ಣಕ್ಕ ಹೋಗೋಣು. ದೇವರ ದರ್ಶನಾನೂ ಆಕ್ಕೈತಿ," ಎಂದ.

"ನೋಡಾಕಲ್ರಿ, ಇರಾಕ ಹೊಂಟೇನಿ. ನಾ ಒಬ್ಬಾಕೀನ."

ಲಗಮಪ್ಪ ತಲೆ ಎತ್ತಿದ. "ಈ ವಯಸ್ಸಿನ್ಯಾಗ ಈಜ ಕಲೀತಿ?"

ಅವಳಿಗಿಂತ ಮೊದಲು ಉತ್ತರ ಕೊಟ್ಟವಳು ಮೂಲೆಯಲ್ಲಿ ಕೂತಿದ್ದ ಅತ್ತೆ ಸೋಮವ್ವ. "ಯಾಕ ಕಲೀಬಾರದು? ನಾ ಕಲಸ್ತೇನಿ."

ತವರಿನಲ್ಲಿ ಸೋಮವ್ವನದು ಕುರಿ ಕಾಯುವ ಮನೆತನ. ಚಿಕ್ಕಪಡಸಲಗಿಯಲ್ಲಿ ಇನ್ನೂ ಬ್ಯಾರೇಜ್ ಕಟ್ಟಿರದ ಕಾಲದಲ್ಲಿ, ಅಪ್ಪನ ಜೊತೆ ಕೃಷ್ಣೆಗಿಳಿದು ಕುರಿಗಳನ್ನು ಆಚೆ ದಡಕ್ಕೆ ದಾಟಿಸಿದವಳು ಅವಳು. ಸೊಸೆಯಾಗಿ ಬಂದ ಮೇಲೆ ಈಜುವ ಮಾತನ್ನೇ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಗನಿಗೂ ಅದು ಅಂದೇ ಗೊತ್ತಾದದ್ದು.

ವಾರದ ರಜೆಯ ದಿನ ಅತ್ತೆ ಸೊಸೆ ಹೊಲದ ಬಾವಿಗೆ ಹೋದರು. ಸೋಮವ್ವ ಎಣ್ಣೆಯ ಖಾಲಿ ಕ್ಯಾನುಗಳೆರಡನ್ನು ಸೊಸೆಯ ಸೊಂಟಕ್ಕೆ ಬಿಗಿದು, ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಸುವರ್ಣಾ ನೀರಿಗಿಳಿದದ್ದೇ ತಡ, ಕಿರುಚಿ ಕಲ್ಲು ತಬ್ಬಿಕೊಂಡಳು. ಪಕ್ಕದ ಹೊಲದ ಪದ್ಮವ್ವ ಬಾವಿಯ ಮೇಲಿಂದ ಇಣುಕಿ, "ಏನವ್ವಾ, ಟಿಕೇಟ ತಗೊಳ್ದ ಹತ್ತಿದವ್ರ್ನ ಇಳಸೂವಾಗ ಎಷ್ಟ ಜೋರ ಇರ್ತೀದಿ!" ಎಂದು ನಕ್ಕಳು. ಸುವರ್ಣಾ ಮೂಗಿಗೇರಿದ ನೀರು ಸೀನಿ, ಮತ್ತೆ ಕೈ ಬಿಟ್ಟಳು.

ಅಲ್ಲಿಂದ ಮುಂದೆ ಡ್ಯೂಟಿ ಬೇಗ ಮುಗಿದ ದಿನಗಳೆಲ್ಲ ಬಾವಿಗೇ ಮೀಸಲಾದವು. ಒಂದು ಕ್ಯಾನು ಬಿಚ್ಚಿದರು. ಮತ್ತೊಂದನ್ನೂ ಬಿಚ್ಚಿದ ದಿನ ಅವಳು ನೇರ ಮುಳುಗಿ, ಎದ್ದು ಬರುವಾಗ ಮೊಣಕಾಲನ್ನು ಕಲ್ಲಿಗೆ ಕೆತ್ತಿಕೊಂಡಳು. ಕುಂಟುತ್ತ ಬಂದವಳನ್ನು ಕಂಡು ಲಗಮಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆ ಅಂಜಿಕೆ ಇತ್ತು.

"ಸಾಕ ಮಾಡಿನ್ನ. ಏನರ ಆಗಿದ್ರ?"

"ಆಗಿಲ್ಲಲ್ರಿ," ಎಂದಳು ಸುವರ್ಣಾ, ಗಾಯಕ್ಕೆ ಅರಿಶಿಣ ಮೆತ್ತುತ್ತ. "ಕಾಲ ಮಾಯ್ತಂದ್ರ ಮತ್ತ ಹೊಕ್ಕೇನಿ."

ಕಾಲು ಮಾಯುವವರೆಗೂ ಅವಳು ಕಾಯಲಿಲ್ಲ. ಆದರೆ ಬಾವಿಯ ಕೊನೆಯ ಮೆಟ್ಟಿಲಿಗೆ ಬಂದವಳು ಅಲ್ಲೇ ಕೂತುಬಿಟ್ಟಳು. ಸೋಮವ್ವ ಅದನ್ನು ನೋಡಿದಳು. ಆಮೇಲೆ ಎದ್ದು, ಸೀರೆಯನ್ನು ಮೇಲೆತ್ತಿ ಕಚ್ಚೆ ಬಿಗಿದು, ತಾನೇ ನೀರಿಗಿಳಿದಳು. ಒಂದೆರಡು ಸಲ ಕೈ ಬೀಸಿ ನಡುಬಾವಿಗೆ ಹೋಗಿ ಅಂಗಾತ ಮಲಗಿದಳು. ಬಿಳಿಗೂದಲು ನೀರಲ್ಲಿ ಬಿಚ್ಚಿಕೊಂಡಿತು. ಬೆಳಗಿನಿಂದ ರಾತ್ರಿಯವರೆಗೆ ಕಸ, ಮುಸುರಿ, ಎಮ್ಮೆ ಎಂದು ಓಡಾಡುವ ಅತ್ತೆ ಹೀಗೆ ಕೈಕಾಲು ಚೆಲ್ಲಿ ಬಿದ್ದದ್ದನ್ನು ಸುವರ್ಣಾ ಎಂದೂ ಕಂಡಿರಲಿಲ್ಲ.

"ಬಾ," ಎಂದಳು ಸೋಮವ್ವ. "ನೀರನ್ನ ಹಿಡ್ಯಾಕ ಹೋಗಬ್ಯಾಡ. ನನ್ನ ಕೈಮ್ಯಾಲ ತಲಿ ಇಟ್ಟ, ಮ್ಯಾಲ ನೋಡು."

ಸುವರ್ಣಾ ತಲೆ ಇಟ್ಟಳು. ಬಾವಿಯ ಬಾಯಿ, ಅದರಾಚೆ ಆಕಾಶ, ಅಡ್ಡ ಹಾರಿದ ಒಂದು ಬೆಳ್ಳಕ್ಕಿ. ಅತ್ತೆಯ ಕೈ ಯಾವಾಗ ಸರಿಯಿತೋ ತಿಳಿಯಲಿಲ್ಲ. ತಿಳಿದಾಗ ಅವಳು ಮುಳುಗಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಅವಳು ಬಾವಿಯಲ್ಲಿ ಸುತ್ತು ಹೊಡೆದು ಈಜುವಂತಾದಳು. ಲಗಮಪ್ಪನೇ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿದ. ಮಾಯಾಳ ದೋಣಿ ಬಳಗದ ಹಿರಿಯ ಶಶಿಕಾಂತ ಅದನ್ನು ನೋಡಿ ಒಪ್ಪಿದ. ಒಬ್ಬರು ಹಿಂದೆ ಸರಿದದ್ದರಿಂದ ಇನ್ನೊಂದು ಜಾಗ ಖಾಲಿ ಇದೆಯೆಂದೂ, ಮನೆಯವರು ಯಾರಾದರೂ ಬರಬಹುದೆಂದೂ ಮಾಯಾ ತಿಳಿಸಿದಳು.

ಲಗಮಪ್ಪ ಗಂಟಲು ಸರಿಮಾಡಿಕೊಂಡ. "ಸಾಲಿಗೆ ಸೂಟಿ ಹಾಕಿದ್ರ..."

"ನಿಮಗ ಈಜ ಬರಂಗಿಲ್ರಿ," ಎಂದಳು ಸುವರ್ಣಾ, ಮೆತ್ತಗೆ. ಆಮೇಲೆ ಅಡುಗೆಮನೆಯತ್ತ ತಿರುಗಿದಳು. "ಅತ್ತಿ, ನೀವ ಬರ್ರಿ."

"ನಾನಾ? ಮಂದಿ ನಗತಾರ. ಎಮ್ಮಿ ಯಾರ ನೋಡ್ತಾರ?"

"ನಿಮ್ಮ ಮಗ ನೋಡ್ತಾರ."

ಲಗಮಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಮುಧೋಳಕ್ಕೆ ಹೋಗಿ ಅವ್ವನಿಗೊಂದು ಪ್ರವಾಸದ ಚೀಲ ತಂದ. "ಎಮ್ಮಿ ಹಿಂಡಾಕ ನನಗ ಬರತೈತಿ ಬೇ. ಹೋಗಿ ಬಾ," ಎಂದ. ತೇರದಾಳದ ನಾದಿನಿ ಫೋನು ಮಾಡಿ, ಸಂಕ್ರಾಂತಿಗೆ ಯಾರು ಬರುತ್ತೀರೆಂದು ಕೇಳಿದಳು. ಯಾರೂ ಬರುವುದಿಲ್ಲವೆಂದು ಸೋಮವ್ವನೇ ಹೇಳಿದಳು.

ಕೊಚ್ಚಿಯಿಂದ ಹಡಗು ಹತ್ತಿ ಅವರು ನಡುಗಡ್ಡೆ ಮುಟ್ಟಿದರು. ಮರುದಿನ ಬೆಳಿಗ್ಗೆ ಬಳಗದವರು ಹಾಯಿ ಬಿಚ್ಚುವಾಗ ಸೋಮವ್ವ ಆಗಲೇ ದೋಣಿಯಲ್ಲಿ ಕೂತಿದ್ದಳು. ಮಾಯಾ ಓಡಿಬಂದು ತೆಂಗಿನ ಮರಗಳ ನಡುವೆ ಮಲಗಲು ಕಟ್ಟಿದ್ದ ಜೋಲಿಯನ್ನು ಅಲುಗಿಸಿದಳು.

"ಏಳ ಲೇ, ನಿಮ್ಮತ್ತಿ ಕರ್ಯಾಕತ್ತಾರ."

"ಸಂಜಿಗೆ ಬರ್ತೇನಂತ ಹೇಳು," ಎಂದು ಸುವರ್ಣಾ ಮಗ್ಗಲು ಬದಲಿಸಿದಳು.