ಗುಡ್ಡ ಇಳಿದ ಸೈನ್ಯ

ಅಕ್ಕನ ಫೋನು ಬಂದಾಗ ಗುಡ್ಡಣ್ಣ ತನ್ನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕಂಪ್ಯೂಟರ್ ಕೆಫೆಯ ಒಡತಿ, ಅಲ್ಲಿ ಆಡಲು ಬಂದವರಿಗೆಲ್ಲ ಅಕ್ಕ.

"ಭಾನುವಾರ ಕೆಫೆ ಮುಚ್ತಿದೀನಿ ಕಣೋ. ಕೊನೇ ಸಲ ಒಂದಾಟ ಆಡಿ ಹೋಗು. ಅವನನ್ನೂ ಕರ್ದಿದೀನಿ."

ಯಾರನ್ನು ಎಂದು ಗುಡ್ಡಣ್ಣ ಕೇಳಲಿಲ್ಲ. ಈ ಭೂಮಿಯ ಮೇಲೆ ಅವನಿಗೆ ಒಬ್ಬನೇ ಒಬ್ಬ ಸ್ನೇಹಿತನಿದ್ದ, ಅವನೊಡನೆ ಮಾತು ಬಿಟ್ಟು ವರ್ಷಗಳೇ ಉರುಳಿದ್ದವು.

ಆ ಸಂಜೆಗಳೇ ಸಂಜೆಗಳು! ಕನ್ನಡಕದಂಗಡಿ ಮುಚ್ಚಿ ಒಬ್ಬ, ಲಿಫ್ಟ್ ರಿಪೇರಿ ಮುಗಿಸಿ ಕೈಗೆ ಗ್ರೀಸು ಮೆತ್ತಿಕೊಂಡು ಇನ್ನೊಬ್ಬ, ಕೆಫೆಯ ಮೂಲೆಯ ಎರಡು ಕುರ್ಚಿಗಳಿಗೆ ಓಡಿಬರುತ್ತಿದ್ದರು. ಆಟ ಹಳೆಯ ಕಾಲದ ರಾಜ್ಯಗಳದು: ತೆರಿಗೆ, ಸಂಧಾನ, ಯುದ್ಧ, ಎಲ್ಲ ಒಂದೇ ನಕ್ಷೆಯ ಮೇಲೆ. ಗುಡ್ಡಣ್ಣನಿಗೆ ಆ ಹೆಸರು ಬಂದದ್ದೇ ಅಲ್ಲಿ. ನದಿಯ ಹಿಂದಿರುವ ಗುಡ್ಡ ಹಿಡಿ, ಮುಂದೆ ಕಾಲಾಳು, ಹಿಂದೆ ಫಿರಂಗಿ ನಿಲ್ಲಿಸು, ಆಮೇಲೆ ತೆಪ್ಪಗೆ ಕೂರು. ಇಷ್ಟೇ ಅವನ ಯುದ್ಧವಿದ್ಯೆ. ನದಿ ದಾಟಿ, ಏರು ಹತ್ತಿ ಬಂದವರು ಏದುಸಿರು ಬಿಡುತ್ತಾ ಬಂದು ಏಟು ತಿನ್ನುತ್ತಿದ್ದರು. ತಾನಾಗಿ ಅವನು ಒಮ್ಮೆಯೂ ಕೆಳಗಿಳಿದವನಲ್ಲ.

ಸ್ನೇಹಿತ ಹಡಗಣ್ಣನಿಗೆ ನೆಲದ ಗೊಡವೆಯೇ ಬೇಡ. ತೆರೆದ ಕಡಲಿಗೆ ದೊಡ್ಡ ಯುದ್ಧನೌಕೆ, ದಡದಂಚಿನ ಒಳಸಮುದ್ರಕ್ಕೆ ಹುಟ್ಟು ಹಾಕುವ ಹಗುರ ನಾವೆ. ಅವೆರಡನ್ನು ಯಾರಾದರೂ ಬೆರೆಸಿದರೆ ಅವನ ಮೈ ಉರಿಯುತ್ತಿತ್ತು. ಕಿತ್ತುಹೋದ ಸ್ವಂತ ಚಪ್ಪಲಿಯನ್ನು ಹೊಲಿಸದ ಆಸಾಮಿ, ಹಡಗಿಗೆ ಗೀರು ಬಿದ್ದರೆ ಸಾಕು, ರಿಪೇರಿಗೆಂದು ಬಂದರಿಗೆ ಒಯ್ಯುತ್ತಿದ್ದ.

ಜಗಳ ಬಂದದ್ದೂ ಅದರಿಂದಲೇ. ಇಬ್ಬರೂ ಒಂದೇ ಪಕ್ಷವಾಗಿ ಆಡುತ್ತಿದ್ದ ದಿನ. ಹಡಗಣ್ಣ ಕಾವಲಿಗೆ ಬರುತ್ತಾನೆಂದು ನಂಬಿ ಗುಡ್ಡಣ್ಣ ಇಡೀ ಸೈನ್ಯವನ್ನು ಸಾಗಣೆ ಹಡಗಿಗೆ ಹತ್ತಿಸಿದ. ಸಾಗಣೆ ಹಡಗಿಗೆ ಹೊಡೆದಾಡುವ ತಾಕತ್ತಿರುವುದಿಲ್ಲ. ಆದರೆ ಹಡಗಣ್ಣನ ನೌಕೆಗಳು ಬಂದರಿನಲ್ಲಿ ರಿಪೇರಿಯಲ್ಲಿದ್ದವು, ಹೊರಡಲೇ ಇಲ್ಲ. ಶತ್ರುನೌಕೆಗಳು ಎರಗಿ ಸೈನ್ಯವೆಲ್ಲ ನೀರುಪಾಲಾಯಿತು.

"ಮುರುಕಲು ಹಡಗು ತಂದಿದ್ರೆ ನಿನ್ನ ಸೈನ್ಯದ ಜತೆ ಅದೂ ಮುಳುಗ್ತಿತ್ತಲ್ಲೋ" ಎಂದಿದ್ದ ಹಡಗಣ್ಣ. ಲೆಕ್ಕ ಸರಿಯಾಗಿಯೇ ಇತ್ತು. ಗುಡ್ಡಣ್ಣ ಮಾತ್ರ ಮುಖ ಊದಿಸಿಕೊಂಡು ಎದ್ದುಹೋದ. ತಪ್ಪು ಮಾಡಿದವನು ತಾನಾಗಿ ಬರಲಿ ಎಂದು ಕಾದ. ಕಾದೇ ಕಾದ. ಜಗಮೊಂಡ ಎಂದರೆ ಇವನೇ. ಈಗ ಆ ಕೆಫೆಯೂ ಹೋಗುತ್ತಿತ್ತು. ಭಾನುವಾರವೂ ಬಾಯಿ ಬಿಡದಿದ್ದರೆ ಇನ್ನು ಇಬ್ಬರೂ ಎದುರಾಗಲು ಒಂದು ಜಾಗವೂ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೋದ.

ಅರ್ಧ ಕುರ್ಚಿಗಳನ್ನು ಆಗಲೇ ಸಾಗಿಸಿದ್ದರು. ಮೂಲೆಯ ಎರಡನ್ನು ಅಕ್ಕ ಉಳಿಸಿದ್ದಳು. ಹಡಗಣ್ಣ ಕೂತಿದ್ದ, ತಲೆ ನರೆತಿತ್ತು, ಮೂಗಿನ ಮೇಲೆ ಕನ್ನಡಕ. ಅದು ತನ್ನ ಅಂಗಡಿಯದಲ್ಲ ಎಂದು ಗುಡ್ಡಣ್ಣನಿಗೆ ಒಂದೇ ನೋಟಕ್ಕೆ ತಿಳಿಯಿತು. ಬೇರೆ ಕಡೆ ಮಾಡಿಸಿದ್ದಾನೆ!

ಈ ಸಲ ಎದುರಾಳಿಗಳಾಗಿ ಆಡಿದರು, ತುಟಿ ಪಿಟಕ್ಕೆನ್ನದೆ. ಹಡಗಣ್ಣನ ನೌಕೆಗಳು ಬಂದರುಗಳನ್ನೆಲ್ಲ ಮುತ್ತಿದವು, ದಂಡು ದಡಕ್ಕಿಳಿದು ನದಿಯ ಆಚೆ ಬಂದು ನಿಂತಿತು. ಗುಡ್ಡಣ್ಣ ಯಥಾಪ್ರಕಾರ ಗುಡ್ಡ ಹತ್ತಿ ಕೂತ. ಎದುರಿನ ದಂಡು ಅವನದಕ್ಕಿಂತ ಎಷ್ಟೋ ದೊಡ್ಡದು, ನುಗ್ಗಿದ್ದರೆ ಗುಡ್ಡವೂ ಕಾಪಾಡುತ್ತಿರಲಿಲ್ಲ. ಆದರೂ ಹಡಗಣ್ಣ ನುಗ್ಗಲಿಲ್ಲ. ಆಟದ ತಿಂಗಳುಗಳು ಕಳೆದವು, ಎರಡೂ ಕಡೆ ಹಸಿವಿನಿಂದ ಸೈನಿಕರು ಸಾಯತೊಡಗಿದರು.

"ಏನ್ರೋ, ಹೀಗೇ ಕೂತ್ಕೊಂಡು ಸಾಯ್ತೀರಾ ಇಬ್ರೂ?" ಎಂದಳು ಅಕ್ಕ, ವೈರು ಸುತ್ತುತ್ತಾ.

ಗುಡ್ಡಣ್ಣ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಹಡಗಣ್ಣ ಕಣ್ಣು ಕಿರಿದು ಮಾಡಿ, ಮೂಗು ತಗಲುವಷ್ಟು ಸ್ಕ್ರೀನಿಗೆ ಬಾಗಿದ್ದ.

"ನನ್ನ ಸೈನ್ಯ ಎಷ್ಟು ಕಾಣ್ಸತ್ತೆ ನಿಂಗೆ?" ಗುಡ್ಡಣ್ಣನ ಬಾಯಿಂದ ಮಾತು ತಾನಾಗಿ ಬಂತು.

"ಎಂಬತ್ತು ಸಾವ್ರ. ಎಲ್ಲಿಂದ ತಂದೆ ಅಷ್ಟೊಂದು?"

"ಮೂವತ್ತೋ! ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣಲ್ವಾ? ಯಾವ ಪುಣ್ಯಾತ್ಮ ಮಾಡಿಕೊಟ್ಟ ಈ ಕನ್ನಡಕ? ನನ್ನ ಹತ್ರ ಬರಕ್ಕೆ ಏನಾಗಿತ್ತು?"

ಹಡಗಣ್ಣ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಬಂದಿದ್ದೆ. ನಿನ್ನಂಗಡಿ ಎದುರಿನ ಕಟ್ಟಡದ ಲಿಫ್ಟ್ ನೋಡ್ಕೊಳ್ಳೋನು ನಾನೇ. ಕೆಲಸ ಮುಗಿಸಿ, ಪ್ರತಿ ಸಲ ನಿನ್ ಬಾಗಿಲ ತನಕ ಬಂದು ನಿಲ್ತಿದ್ದೆ. ನೀನು ಗಾಜು ಉಜ್ತಾ ಇರ್ತಿದ್ದೆ, ತಲೆ ಎತ್ತಿದ್ರೆ ಒಳಗೆ ಬರೋಣ ಅಂತ. ಎತ್ತುತ್ತಿರ್ಲಿಲ್ಲ."

ಗುಡ್ಡಣ್ಣ ಮೌಸ್ ಹಿಡಿದು ಸೈನ್ಯವನ್ನೆಲ್ಲ ಗುಡ್ಡದಿಂದ ಕೆಳಗಿಳಿಸಿದ.

"ಏಯ್, ತಲೆ ಕೆಟ್ಟಿದ್ಯಾ? ನದಿ ದಾಟಿಸ್ತಿದೀಯಲ್ಲೋ! ಒಬ್ಬನೂ ಉಳಿಯಲ್ಲ!"

"ಹೋಗ್ಲಿ ಬಿಡು" ಎಂದ ಗುಡ್ಡಣ್ಣ. ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಸ್ನೇಹಿತನ ಮುಖದಿಂದ ಕನ್ನಡಕ ತೆಗೆದ. "ಇತ್ಲಾಗೆ ತಿರುಗು. ಕಣ್ಣು ತೋರ್ಸು."

ಸ್ಕ್ರೀನಿನಲ್ಲಿ ಅವನ ಸೈನ್ಯ ನದಿಯ ನಡುವೆ ಏಟು ತಿಂದು ಬೀಳುತ್ತಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.